ಸ್ಟ್ರೈಕರ್ ಬಿಡಿ, ರಾಣಿಯ ಲೆಕ್ಕ ಗೊತ್ತೇ?

ಕಚೇರಿಯ ಕೇರಂನಲ್ಲಿ ನಿಮ್ಮನ್ನು ಯಾರೂ ಸೋಲಿಸಿಲ್ಲ, ಮೊದಲ ಬಾರಿಗೆ ಜಿಲ್ಲಾ ಚಾಂಪಿಯನ್‌ಶಿಪ್‌ಗೆ ಹೆಸರು ಕೊಟ್ಟಿದ್ದೀರಿ, ಎರಡು ತಿಂಗಳಿದೆ, ದುಬಾರಿ ಸ್ಟ್ರೈಕರ್ ಕೊಂಡರೆ ಅನುಕೂಲವೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದಿನ ನಾನೇ ಬಂದು ಕೇಳಿದಂತಿದೆ. ನಾನಂತೂ ಹೊಸ ಸ್ಟ್ರೈಕರನ್ನು ನಮ್ಮ ಬೀದಿಯ ಚಿನ್ನದಂಗಡಿಗೆ ಒಯ್ದು ತೂಕ ಹಾಕಿಸಿದ್ದೆ. 14.8 ಗ್ರಾಂ. ನಿಯಮದ ಮಿತಿ 15. ಅಂಗಡಿಯವರು ನಕ್ಕರು, ನಾನು ನಗಲಿಲ್ಲ. ಇಡೀ ನಿಯಮಾವಳಿಯಲ್ಲಿ ನಾನು ಓದಿದ್ದು ಆ ಒಂದು ಸಾಲು ಮಾತ್ರ.

ನಮ್ಮ ಮನೆಯ ಆಟದಲ್ಲಿ ಬಿಳಿ ಕಾಯಿಗೆ 20, ಕಪ್ಪಿಗೆ 10, ರೆಡ್‌ಗೆ 50. ರೆಡ್ ಹಾಕಿದವನೇ ರಾಜ. ಟೂರ್ನಿಯಲ್ಲಿ ಒಬ್ಬರಿಗೆ ಒಂಬತ್ತು ಬಿಳಿ, ಇನ್ನೊಬ್ಬರಿಗೆ ಒಂಬತ್ತು ಕಪ್ಪು. ಮೊದಲು ಮುಗಿಸಿದವರಿಗೆ ಎದುರಾಳಿಯ ಕಾಯಿ ಎಷ್ಟು ಉಳಿದಿದೆಯೋ ಅಷ್ಟು ಅಂಕ, ರಾಣಿಯನ್ನು, ಅಂದರೆ ಆ ರೆಡ್ ಅನ್ನು, ಕವರ್ ಮಾಡಿದ್ದರೆ (ಅದನ್ನು ಹಾಕಿದ ಬೆನ್ನಿಗೇ ತಮ್ಮದೊಂದು ಕಾಯಿಯನ್ನೂ ಹಾಕಿದ್ದರೆ) ಇನ್ನೂ ಮೂರು. 25 ಮುಟ್ಟಿದವರಿಗೆ ಗೇಮ್, ಇಲ್ಲವೇ ಎಂಟು ಬೋರ್ಡ್ (ಕಾಯಿ ಜೋಡಿಸಿ ಮುಗಿಸುವ ಒಂದೊಂದು ಆಟವೂ ಒಂದು ಬೋರ್ಡ್) ಮುಗಿದಾಗ ಮುಂದಿದ್ದವರಿಗೆ. ಇಷ್ಟನ್ನು ಸ್ನೇಹಿತನೊಬ್ಬ ಹೇಳಿಕೊಟ್ಟಿದ್ದ. ಸಾಕು ಎಂದುಕೊಂಡೆ.

ಮೊದಲ ಸುತ್ತು ಹೇಗೋ ದಾಟಿತು. ಎರಡನೇ ಸುತ್ತಿನಲ್ಲಿ ಎದುರಿಗೆ ಕುಳಿತವರು ಅರವತ್ತು ದಾಟಿದ ಹಿರಿಯರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಮಡಚಿದ ಕರವಸ್ತ್ರ, ಅಂಚು ಸವೆದ ಹಳೆಯ ಸ್ಟ್ರೈಕರ್. ಒಂದೊಂದು ಗೇಮ್ ಹಂಚಿಕೊಂಡೆವು. ಮೂರನೆಯದರಲ್ಲಿ ಆರು ಬೋರ್ಡ್ ಮುಗಿದಾಗ ನನಗೆ 22, ಅವರಿಗೆ 17.

ಏಳನೇ ಬೋರ್ಡನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ನನ್ನವು ಎರಡು ಬಿಳಿ ಉಳಿದಿದ್ದವು. ಒಂದು ಬಲ ಪಾಕೆಟ್‌ನ ಬಾಯಲ್ಲೇ ಕುಳಿತಿತ್ತು, ಇನ್ನೊಂದು ಎಡಗಡೆ ಪಟ್ಟಿಗೆ ಅಂಟಿತ್ತು. ರಾಣಿ ನಡುವೆ. ಅವರ ಕಪ್ಪು ನಾಲ್ಕು. ಅದರಲ್ಲಿ ಎರಡು ಮಕ್ಕಳೂ ಹಾಕುವಷ್ಟು ನೇರ. ಸರದಿ ನನ್ನದು. ಆಗ ನಾನು ಮಾಡಬೇಕಿದ್ದದ್ದು ಎರಡರಲ್ಲೊಂದು: ರಾಣಿ ಹಾಕಿ, ಕವರ್ ಮಾಡಿ, ಪಟ್ಟಿಯ ಕಾಯಿಗೂ ಧೈರ್ಯದಿಂದ ಹೊಡೆಯುವುದು, ಅಥವಾ ಅವರ ಆ ಎರಡು ಕಪ್ಪನ್ನು ಕೆಡಿಸುವುದು. ನಾನು ಎರಡನ್ನೂ ಮಾಡಲಿಲ್ಲ. ಪಟ್ಟಿಯ ಕಾಯಿಯನ್ನು ಮೆಲ್ಲಗೆ ತಳ್ಳಿ ಪಾಕೆಟ್‌ನ ಹತ್ತಿರ ತಂದಿಟ್ಟೆ. ಮನಸ್ಸಿನ ಲೆಕ್ಕ ಇದು: ಅವರು ಎರಡು ಹಾಕಿಕೊಳ್ಳಲಿ, ಮೂರು ಬೇಕಾದರೂ ಹಾಕಿಕೊಳ್ಳಲಿ, ರಾಣಿಯಿಂದಲೇ ನನಗೆ ಮೂರು ಬರುತ್ತದೆ, 22ಕ್ಕೆ ಮೂರು ಸೇರಿದರೆ 25.

ಅವರು ರಾಣಿಯ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಎರಡು ಕಪ್ಪು ಹಾಕಿದರು, ಮೂರನೆಯದು ತಪ್ಪಿತು. ನಾನು ರಾಣಿ ಹಾಕಿದೆ, ಕವರ್ ಮಾಡಿದೆ, ಕೊನೆಯ ಬಿಳಿಯನ್ನೂ ಹಾಕಿ ಕೈಕುಲುಕಲು ಎದ್ದು ನಿಂತೆ.

ಅಂಪೈರ್ ಹುಡುಗಿ 24 ಎಂದು ಬರೆದಳು.

ಹಿರಿಯರು ನನ್ನ ಕೈ ಹಿಡಿದು ಮೆಲ್ಲಗೆ ಕೆಳಗೆ ಕೂರಿಸಿದರು. “ಇಪ್ಪತ್ತೆರಡಾದ ಮೇಲೆ ರಾಣಿಗೆ ಬೆಲೆಯಿಲ್ಲಪ್ಪ,” ಎಂದರು. 21ರವರೆಗೆ ಮಾತ್ರ ರಾಣಿಯ ಮೂರು ಅಂಕ ಸಿಗುತ್ತದೆ. 22 ತಲುಪಿದವನಿಗೆ ಅದು ಬರೀ ಕೆಂಪು ಕಾಯಿ; ಕೊನೆಯ ಬಿಳಿಗಿಂತ ಮೊದಲು ಹಾಕಲೇಬೇಕು, ಆದರೆ ಒಂದು ಅಂಕವೂ ಇಲ್ಲ. ನನಗೆ ಬೇಕಿದ್ದದ್ದು ಬೋರ್ಡಿನ ಮೇಲೆ ಅವರ ಮೂರು ಕಪ್ಪು. ಇದ್ದದ್ದು ನಾಲ್ಕು! ಎರಡನ್ನು ನಾನೇ ಬಿಟ್ಟುಕೊಟ್ಟಿದ್ದೆ.

ಎಂಟನೇ ಬೋರ್ಡ್‌ನಲ್ಲಿ ನನ್ನ ಬೆರಳು ನಡುಗುತ್ತಿತ್ತು. ನನ್ನವು ಐದು ಉಳಿದಿರುವಾಗ ಅವರು ಮುಗಿಸಿದರು. ರಾಣಿಯೂ ಅವರದೇ. ಅವರು 17ರಲ್ಲಿದ್ದುದರಿಂದ ರಾಣಿಗೆ ಬೆಲೆಯಿತ್ತು. ಹದಿನೇಳು, ಐದು, ಮೂರು. 25–24.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ, ಬೇಸರ ಬೇಡ. ಕಚೇರಿಯಲ್ಲಿ ಯಾರೂ ಸೋಲಿಸಿಲ್ಲ ಎಂದರೆ ಕಚೇರಿಯಲ್ಲಿ ಯಾರಿಗೂ ನಿಯಮ ಗೊತ್ತಿಲ್ಲ ಎಂದೂ ಆಗಬಹುದು. ಸ್ಟ್ರೈಕರ್ ಎರಡೂ ಬೇಸ್ ಗೆರೆಗಳನ್ನು, ಅಂದರೆ ಅದನ್ನಿಡುವ ಜೋಡಿ ಗೆರೆಗಳನ್ನು, ಮುಟ್ಟಿರಬೇಕು. ಆ ಗೆರೆಗಳ ತುದಿಯ ವೃತ್ತದ ಮೇಲಿಟ್ಟರೆ ಅದನ್ನು ಪೂರ್ತಿ ಮುಚ್ಚಬೇಕು, ಇಲ್ಲವೇ ಮುಟ್ಟಲೇಬಾರದು. ಹೊಡೆಯಲು ಹದಿನೈದು ಸೆಕೆಂಡ್ ಮಾತ್ರ. ಊಟದ ಬಿಡುವಿನಲ್ಲಿ ಹರಟುತ್ತಾ ಆಡುವವರಿಗೆ ಆ ಹದಿನೈದು ಸೆಕೆಂಡೇ ಕೊರಳಿಗೆ ಬರುತ್ತದೆ. ಅಂತರರಾಷ್ಟ್ರೀಯ ಕೇರಂ ಫೆಡರೇಷನ್ ನಿಯಮಾವಳಿಯನ್ನು ಮುದ್ರಿಸಿಕೊಳ್ಳಿ, ಒಬ್ಬರನ್ನು ಅಂಪೈರ್ ಆಗಿ ಕೂರಿಸಿ, ನಿಮಗಿಂತ ಚೆನ್ನಾಗಿ ಆಡುವ ಅಪರಿಚಿತರು ಸಿಗುವ ಕ್ಲಬ್ಬಿಗೆ ಹೋಗಿ ಸೋಲಿ.

ದುಡ್ಡು ಸುರಿದರೆ ಆಟ ಬರುತ್ತದೆ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. 2024ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದ ಚೆನ್ನೈನ ಖಾಜಿಮಾ ಆಟೊ ಚಾಲಕರೊಬ್ಬರ ಮಗಳು.

ಇಷ್ಟರ ಮೇಲೂ ಸ್ಟ್ರೈಕರ್ ಕೊಳ್ಳುವುದೇ ಆದರೆ 15 ಗ್ರಾಂ ಮೀರದ, ಅಂಚು ನಯವಾಗಿರುವ ಯಾವುದಾದರೂ ಆದೀತು. ಈಗಲೇ ಕೊಂಡು, ಎರಡು ತಿಂಗಳೂ ಅದರಲ್ಲೇ ಆಡಿ. ನನ್ನದು ಇನ್ನೂ ಅದೇ 14.8 ಗ್ರಾಮಿನದು, ಸವೆದು ಈಗ ಎಷ್ಟಾಗಿದೆಯೋ, ಮತ್ತೆ ತೂಕ ಹಾಕಿಸಿಲ್ಲ.