ಟೇಲರ್ ಸ್ವಿಫ್ಟ್ ಕುರಿತ ಪಿತೂರಿಯ ಕಥೆಯನ್ನು ಶೇಕಡಾ 18ರಷ್ಟು ಅಮೆರಿಕನ್ನರು ನಿಜಕ್ಕೂ ನಂಬಿದ್ದರೇ?

ಗಾಯಕಿ ಟೇಲರ್ ಸ್ವಿಫ್ಟ್ ಅವರ ಮೂಲಕ ಜೋ ಬೈಡನ್ ಅವರನ್ನು ಗೆಲ್ಲಿಸಲು ಸರ್ಕಾರವೇ ಗುಪ್ತವಾಗಿ ಯತ್ನಿಸುತ್ತಿದೆ ಎಂಬ ಮಾತನ್ನು 2024ರ ಫೆಬ್ರವರಿಯ ಸಮೀಕ್ಷೆಯೊಂದರಲ್ಲಿ ಶೇಕಡಾ 18ರಷ್ಟು ಜನ ಒಪ್ಪಿದ್ದರಲ್ಲ, ಅಷ್ಟು ಮಂದಿ ಅದನ್ನು ನಂಬಿದ್ದರೇ ಎಂದು ತಾವು ಕೇಳಿದ್ದೀರಿ. ಹಲವು ವರ್ಷ ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಕಲಿಸಿದ ನನಗೆ ತೋರುವುದು ಇಷ್ಟು: ಅವರು ಹೌದು ಎಂದದ್ದು ನಿಜ, ಆದರೆ ಆ ಉತ್ತರಗಳಲ್ಲಿ ದೊಡ್ಡದೊಂದು ಪಾಲನ್ನು ನಂಬಿಕೆ ಎಂದು ಕರೆಯಲು ಬರುವುದಿಲ್ಲ.

ಸ್ವಿಫ್ಟ್ 2020ರಲ್ಲಿಯೇ ಬೈಡನ್ ಅವರನ್ನು ಬೆಂಬಲಿಸಿದ್ದರು. 2024ರ ಜನವರಿಯಲ್ಲಿ ಸಂಪ್ರದಾಯವಾದಿ ವಾಹಿನಿ ಫಾಕ್ಸ್ ನ್ಯೂಸ್‌ನ ನಿರೂಪಕ ಜೆಸ್ಸಿ ವಾಟರ್ಸ್, ಆಕೆ ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್‌ನ ಕೈಯಲ್ಲಿರಬಹುದೇ ಎಂಬ ಪ್ರಶ್ನೆಯನ್ನು ತಮ್ಮ ಕಾರ್ಯಕ್ರಮದಲ್ಲಿ ಎತ್ತಿದರು. ಪೆಂಟಗನ್ ಅದನ್ನು ಅಲ್ಲಗಳೆಯಿತು. ಆ ತಿಂಗಳ ಕೊನೆಗೆ ರಿಪಬ್ಲಿಕನ್ ರಾಜಕಾರಣಿ ವಿವೇಕ್ ರಾಮಸ್ವಾಮಿ, ಸ್ವಿಫ್ಟ್ ಅವರ ಗೆಳೆಯ ಟ್ರಾವಿಸ್ ಕೆಲ್ಸಿ ಆಡುವ ಕನ್ಸಾಸ್ ಸಿಟಿ ತಂಡ ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆಲ್ಲುವುದು ಮೊದಲೇ ನಿಶ್ಚಯವಾಗಿದೆ ಎಂಬ ಅರ್ಥ ಬರುವಂತೆ ಬರೆದರು. ಫೆಬ್ರವರಿ 11ರಂದು ತಂಡ 25-22ರಿಂದ ಗೆದ್ದಿತು. ಮಾನ್ಮತ್ ವಿಶ್ವವಿದ್ಯಾಲಯ ಈ ಸಮೀಕ್ಷೆಗಾಗಿ ಸುಮಾರು 900 ವಯಸ್ಕರನ್ನು ಪ್ರಶ್ನಿಸಿದ್ದು ಅದೇ ದಿನಗಳಲ್ಲಿ.

ಪತ್ರಿಕೆಗಳು ಶೇಕಡಾ 18 ಎಂಬುದನ್ನೇ ತಲೆಬರಹ ಮಾಡಿದವು. ಅದೇ ವರದಿಯಲ್ಲಿದ್ದ ಇನ್ನೊಂದು ಸಂಖ್ಯೆ ನನ್ನನ್ನು ಹೆಚ್ಚು ಕಾಡಿತು: ಒಪ್ಪಿದವರಲ್ಲಿ ಶೇಕಡಾ 42ರಷ್ಟು ಮಂದಿ, ಸಮೀಕ್ಷಕರು ಕೇಳುವ ಮುನ್ನ ಇಂಥದೊಂದು ಪಿತೂರಿಯ ಸುದ್ದಿಯನ್ನೇ ಕೇಳಿರಲಿಲ್ಲ. ಲೆಕ್ಕ ಹಾಕಿದರೆ, ಪ್ರತಿ ನೂರು ವಯಸ್ಕರಲ್ಲಿ ಏಳೆಂಟು ಮಂದಿ ಸಂಗತಿ ಮೊದಲ ಬಾರಿಗೆ ಕಿವಿಗೆ ಬಿದ್ದ ಕ್ಷಣದಲ್ಲಿಯೇ ಅದಕ್ಕೆ ಹೌದು ಎಂದಿದ್ದಾರೆ. ವಿಚಾರ ಮಾಡಿ ನಂಬುವುದಕ್ಕೆ ಅವರಿಗೆ ಸಮಯವೇ ಇರಲಿಲ್ಲ. ಬೈಡನ್ ಎಂಬ ಹೆಸರು ಬಂದೊಡನೆ ಅವರು ತಮ್ಮ ಪಕ್ಷವನ್ನು ತಿಳಿಸಿದರು ಎಂದೇ ನಾನು ಅದನ್ನು ಓದುತ್ತೇನೆ. ಒಪ್ಪಿದವರಲ್ಲಿ ಶೇಕಡಾ 71ರಷ್ಟು ಮಂದಿ ರಿಪಬ್ಲಿಕನ್ ಪಕ್ಷದವರು ಅಥವಾ ಅದರತ್ತ ಒಲವಿರುವವರು ಎಂಬುದೂ ಇದಕ್ಕೆ ಹೊಂದುತ್ತದೆ. ಇಲ್ಲಿಯೂ ಎಚ್ಚರ ಬೇಕು: ಒಪ್ಪಿದವರ ಒಟ್ಟು ಸಂಖ್ಯೆ 160ರ ಆಸುಪಾಸು, ಅಷ್ಟು ಚಿಕ್ಕ ಗುಂಪಿನಿಂದ ತೆಗೆದ ಶೇಕಡಾವಾರು ಏಳು ಅಂಶಗಳಷ್ಟು ಆಚೀಚೆಯಾಗುವುದು ಸಹಜ.

ಸಂಪ್ರದಾಯವಾದಿ ಮಾಧ್ಯಮಗಳು ತಾರೆಯರ ವಿವಾದವನ್ನು ಇಷ್ಟು ಹಿಡಿದುಕೊಳ್ಳುವುದೇಕೆ ಎಂಬುದಕ್ಕೂ ಉತ್ತರ ಇದರಲ್ಲಿದೆ. ಸಂಪ್ರದಾಯವಾದಿ ರಾಜಕಾರಣಿ ಪ್ಯಾಟ್ ಬ್ಯುಕಾನನ್ ರಿಪಬ್ಲಿಕನ್ ಪಕ್ಷದ 1992ರ ಹ್ಯೂಸ್ಟನ್ ಅಧಿವೇಶನದಲ್ಲಿ ದೇಶದ ಆತ್ಮಕ್ಕಾಗಿ ಸಾಂಸ್ಕೃತಿಕ ಸಮರ ನಡೆದಿದೆ ಎಂದು ಸಾರಿದಾಗ ಗರ್ಭಪಾತ, ಸಲಿಂಗ ಹಕ್ಕುಗಳಂಥ ವಿಷಯಗಳು ಮುಂದಿದ್ದವು, ಅವುಗಳ ಬಗ್ಗೆ ವಾದಿಸಲು ನೋಡುಗನಿಗೆ ಒಂದು ನಿಲುವಾದರೂ ಬೇಕಿತ್ತು. ಗಾಯಕಿಯೊಬ್ಬಳ ವಿಷಯದಲ್ಲಿ ಇಷ್ಟಾನಿಷ್ಟವೇ ಸಾಕು. ಅಂಥ ಚರ್ಚೆಗೆ ಸಮೀಕ್ಷೆಯೂ ಜೊತೆಯಾದರೆ, ನಿನ್ನೆಯ ಊಹೆ ಇಂದು ಜನರ ಅಭಿಪ್ರಾಯವಾಗಿ ಮರಳಿ ಪರದೆಗೆ ಬರುತ್ತದೆ. ಇದು ನನಗೆ ತುಂಬಾ ಕಳವಳ ತರುವ ಸಂಗತಿ, ಏಕೆಂದರೆ ಪಿತೂರಿಯನ್ನು ಅಲ್ಲಗಳೆಯಲು ಹೊರಟ ಉದಾರವಾದಿ ಪತ್ರಿಕೆಗಳೂ ಅದೇ ಸಂಖ್ಯೆಯನ್ನು ಹೊತ್ತು ತಿರುಗಿದವು.

ಹಾಗೆಂದು ಆ ಮಾಧ್ಯಮಗಳಲ್ಲಿ ಸಂಖ್ಯೆ ಬಲ್ಲವರಿಲ್ಲ ಎಂದು ಭಾವಿಸಬೇಡಿ. 2020ರ ನವೆಂಬರ್ 3ರ ಚುನಾವಣೆಯ ರಾತ್ರಿ ಅರಿಜೋನಾ ರಾಜ್ಯ ಬೈಡನ್ ಪಾಲಾಯಿತೆಂದು ಎಲ್ಲ ದೊಡ್ಡ ಸಂಸ್ಥೆಗಳಿಗಿಂತ ಮೊದಲು ಘೋಷಿಸಿದ್ದು ಫಾಕ್ಸ್‌ನದೇ ತಜ್ಞರ ತಂಡ. ಅಂತಿಮ ಅಂತರ 10,457 ಮತಗಳು, ಅಂದರೆ ತುಂಬಾ ಬೇಗ ಘೋಷಿಸಿದರು ಎಂಬ ಟೀಕೆಗೆ ಆಧಾರವಿದ್ದರೂ ಘೋಷಣೆ ಕೊನೆಗೆ ಸರಿಯೆಂದೇ ಆಯಿತು. ನೋಡುಗರು ಸಿಟ್ಟಾದರು, ಕೆಲವರು ಪ್ರತಿಸ್ಪರ್ಧಿ ಸಂಪ್ರದಾಯವಾದಿ ವಾಹಿನಿ ನ್ಯೂಸ್‌ಮ್ಯಾಕ್ಸ್‌ನತ್ತ ಹೊರಳಿದರು. ಬಳಿಕ ಮತಯಂತ್ರ ಸಂಸ್ಥೆ ಡೊಮಿನಿಯನ್ ವಿರುದ್ಧ ವಾಹಿನಿಯಲ್ಲಿ ಪ್ರಸಾರವಾದ ಸುಳ್ಳು ಆರೋಪಗಳಿಗಾಗಿ ಫಾಕ್ಸ್ 2023ರ ಏಪ್ರಿಲ್‌ನಲ್ಲಿ 78 ಕೋಟಿ 75 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು.

ಸ್ವಿಫ್ಟ್ ಕೊನೆಗೆ ಬೆಂಬಲಿಸಿದ್ದು, ಬೈಡನ್ ಕಣದಿಂದ ಹಿಂದೆ ಸರಿದ ಮೇಲೆ ಅಭ್ಯರ್ಥಿಯಾದ ಕಮಲಾ ಹ್ಯಾರಿಸ್ ಅವರನ್ನು, 2024ರ ಸೆಪ್ಟೆಂಬರ್ 10ರಂದು. ಆಕೆ ಹಂಚಿದ ಕೊಂಡಿಯ ಮೂಲಕ ಒಂದೇ ದಿನದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮತದಾರರ ನೋಂದಣಿಯ ಸರ್ಕಾರಿ ತಾಣಕ್ಕೆ ಹೋದರು. ಅವರಲ್ಲಿ ಎಷ್ಟು ಮಂದಿ ಮತಗಟ್ಟೆಗೂ ಹೋದರೆಂಬುದನ್ನು ಆ ಎಣಿಕೆ ಹೇಳುವುದಿಲ್ಲ. ನವೆಂಬರ್‌ನಲ್ಲಿ ತುರುಸಿನ ಏಳು ರಾಜ್ಯಗಳೂ ಟ್ರಂಪ್ ಪಾಲಾದವು.