ಬಾಗಿಲು ತೆರೆಯುತ್ತೆ, ಎಂಜಿನ್ ಸ್ಟಾರ್ಟ್ ಆಗಲ್ಲ: ಡೂಪ್ಲಿಕೇಟ್ ಕೀ ಸಮಸ್ಯೆ

ರಸ್ತೆಬದಿ ಮಾಡಿಸಿದ ಡೂಪ್ಲಿಕೇಟ್ ಕೀಗೆ ಸ್ವಿಫ್ಟ್ ಬಾಗಿಲು ತೆರೆಯುತ್ತೆ, ಸ್ಟಾರ್ಟ್ ಮಾತ್ರ ಆಗಲ್ಲ ಅಂದಿರಿ. ಹಾಗಾದ್ರೆ ಕೀ ಕಟಿಂಗ್ ಸರಿಯಾಗೇ ಇದೆ. ಕೀ ಒಳಗೆ ಇಮ್ಮೊಬಿಲೈಜರ್ ಚಿಪ್ (ಇದು ತನ್ನದೇ ಕೀ ಅಂತ ಗಾಡಿ ಗುರುತಿಸಲು ಇರುವ ಚಿಪ್) ಇಲ್ಲ, ಇದ್ದರೂ ನಿಮ್ಮ ಗಾಡಿಗೆ ಪ್ರೋಗ್ರಾಂ ಆಗಿಲ್ಲ. ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ಇಮ್ಮೊಬಿಲೈಜರ್ ದೀಪ ಮಿನುಗುತ್ತಿದೆಯಾ ನೋಡಿ; ಮಿನುಗಿದರೆ ಗಾಡಿ ಆ ಕೀಯನ್ನು ಗುರುತಿಸಿಲ್ಲ ಅಂತರ್ಥ. ರಿಮೋಟ್ ಸೆಲ್ ಬದಲಿಸಿ ದುಡ್ಡು ಕಳೀಬೇಡಿ. ಆ ಚಿಪ್‌ಗೆ ಸೆಲ್ಲೇ ಬೇಡ, ಇಗ್ನಿಷನ್ ಸುತ್ತಲಿನ ಕಾಯಿಲ್‌ನಿಂದಲೇ ಅದಕ್ಕೆ ಶಕ್ತಿ ಸಿಗುತ್ತೆ.

ಮನೆಗೇ ಬರುವ ಕೀ ಮೇಕರ್‌ಗಳು ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಗಾಡಿಯ ಕಂಪ್ಯೂಟರ್ ಜೊತೆ ಸಂಪರ್ಕಿಸುವ ಸಾಕೆಟ್) ಯಂತ್ರ ಜೋಡಿಸಿ ಪ್ರೋಗ್ರಾಂ ಮಾಡ್ತಾರೆ. ಬ್ಯಾಟರಿ 12 ವೋಲ್ಟ್‌ಗಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಪ್ರೋಗ್ರಾಂ ಅರ್ಧಕ್ಕೆ ನಿಂತರೆ ಪೆಟ್ಟು ಬೀಳೋದು ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗೆ. ಹಳೇ ಕೀ ಜೊತೆಗಿರಲಿ: ಹೊಸದನ್ನು ಸೇರಿಸುವಾಗ ಹಳೆಯದು ಅಳಿಸಿಹೋಗೋದುಂಟು. ಆರ್‌ಸಿ ಕೇಳದವರ ಕೈಗೆ ಗಾಡಿ ಕೊಡಬೇಡಿ.