ಲಸಿಕೆಯ ಬಾವು: ಕ್ಲಿನಿಕ್ ಕೊಡುವ ₹40 ಸಾವಿರಕ್ಕೆ ಸಹಿ ಹಾಕಬಹುದೇ?

ಮಂಡ್ಯದ ಖಾಸಗಿ ಕ್ಲಿನಿಕ್‌ನಲ್ಲಿ ಲಸಿಕೆ ಹಾಕಿಸಿದ ಮೇಲೆ ಮಗುವಿನ ತೊಡೆಯಲ್ಲಿ ಕೀವು ಕಟ್ಟಿ ಆಪರೇಷನ್ ಆಯಿತು, ಪರಿಹಾರವಾಗಿ ₹40 ಸಾವಿರ ಕೊಡುತ್ತೇವೆ, ರಾಜಿ ಪತ್ರಕ್ಕೆ ಸಹಿ ಹಾಕಿ ಎಂದು ಕ್ಲಿನಿಕ್ ಹೇಳುತ್ತಿದೆ, ಮಾತುಕತೆ ಮುಂದೆ ಹೋಗುತ್ತಿಲ್ಲ ಎಂದಿದ್ದೀರಿ. ಅದು ನಿಂತಿರುವುದು ಬಹುಶಃ ಕೀವಿಗೆ ಕಾರಣ ಏನೆಂದು ಸಾಬೀತಾಗದೆ. ಲಸಿಕೆಯಲ್ಲೇ ದೋಷವಿದ್ದರೆ ಹೊಣೆ ತಯಾರಕರದು, ಚುಚ್ಚುವಾಗ ಶುಚಿ ತಪ್ಪಿದ್ದರೆ ಕ್ಲಿನಿಕ್‌ನದು. ಕೀವು ಸಾಮಾನ್ಯವಾಗಿ ಎರಡನೆಯದರ ಗುರುತು.

ಮೊದಲು ಲಸಿಕೆ ಕಾರ್ಡಿನಲ್ಲಿ ಬ್ಯಾಚ್ ಸಂಖ್ಯೆ ನೋಡಿ. ಇಲ್ಲದಿದ್ದರೆ ಚಿಕಿತ್ಸಾ ದಾಖಲೆಯ ಜೊತೆ ಲಿಖಿತವಾಗಿ ಕೇಳಿ. ದಾಖಲೆಯನ್ನು ವೈದ್ಯರು 72 ಗಂಟೆಯೊಳಗೆ ಕೊಡಬೇಕು. ಆಪರೇಷನ್ ಮಾಡಿದ ಆಸ್ಪತ್ರೆಯಿಂದ ಕೀವಿನ ಕಲ್ಚರ್ ವರದಿ (ಕೀವಿನಲ್ಲಿ ಯಾವ ರೋಗಾಣು ಇತ್ತೆಂದು ತಿಳಿಸುವ ಪರೀಕ್ಷೆ) ತಗೊಳ್ಳಿ, ಅದು ನಿಮ್ಮ ಕೈಲಿರುವ ಗಟ್ಟಿ ಸಾಕ್ಷಿ. ಆಮೇಲೆ ಜಿಲ್ಲಾ ಆರ್‌ಸಿಎಚ್ (ತಾಯಿ-ಮಕ್ಕಳ ಆರೋಗ್ಯ) ಅಧಿಕಾರಿಗೆ ದೂರು ಕೊಟ್ಟು, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ತನಿಖೆ ನಿಮ್ಮ ಪರವಾಗೇ ಬರುತ್ತದೆ ಎನ್ನಲಾಗದು.

ಸಹಿಗೆ ದಯವಿಟ್ಟು ಅವಸರ ಮಾಡಬೇಡಿ. ‘ಪೂರ್ಣ ಮತ್ತು ಅಂತಿಮ’ ಎಂದು ಬರೆದುಕೊಟ್ಟರೆ, ನಾಳೆ ಇನ್ನೊಂದು ಆಪರೇಷನ್ ಬೇಕಾದಾಗ ಕೇಳುವುದು ಬಲು ಕಷ್ಟ. ಗಾಯ ಪೂರ್ತಿ ಮಾಗಿದೆ ಎಂದು ಸರ್ಜನ್ ಬರೆದುಕೊಡುವ ತನಕ ಕಾಯಿರಿ, ಇಲ್ಲವೇ ಮುಂದಿನ ಚಿಕಿತ್ಸೆಯ ಖರ್ಚು ಬೇರೆ ಎಂಬ ಸಾಲು ಸೇರಿಸಿ.

ಕ್ಲಿನಿಕ್ ಒಪ್ಪದಿದ್ದರೆ ವಕೀಲರ ನೋಟಿಸ್, ನಂತರ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿ ದೂರು ಕೊಡಲು ಗಡುವು 2 ವರ್ಷ. ಮಾತುಕತೆ ನಡೆಯುತ್ತಿದೆ ಎಂದು ಅದು ನಿಲ್ಲುವುದಿಲ್ಲ. ಹಣ ಕಟ್ಟಿದ ರಸೀದಿ ಜೋಪಾನ: ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆಗೆ ಗ್ರಾಹಕ ಕಾಯ್ದೆ ಅನ್ವಯಿಸದು.